ರೊಟ್ಟಿ ಉಣ್ಣುವ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹತೋಟಿ: ಒಂದು ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ, ಗದಗ, ಹಾವೇರಿಯ ದವಾಖಾನೆಗಳಲ್ಲಿ ವೈದ್ಯರ ಕಿವಿಗೆ ದಿನಾಲೂ ಬೀಳುವ ಮಾತೊಂದಿದೆ: “ನಾ ಸಿಹಿ ಮುಟ್ಟೂದೇ ಬಿಟ್ಟೀನ್ರೀ, ಆದ್ರೂ ಶುಗರ್ ಇಳಿವಲ್ದು.” ಹೀಗೆ ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಪೇಢೆ, ಹೋಳಿಗೆ, ಹುಗ್ಗಿಗಳನ್ನು ಅವರು ನಿಜವಾಗಿಯೂ ಬಿಟ್ಟಿರುತ್ತಾರೆ. ಆದರೆ ಬೆಳಿಗ್ಗೆ ತಟ್ಟೆ ತುಂಬ ಅವಲಕ್ಕಿ, ಮಧ್ಯಾಹ್ನ ಮೂರು ರೊಟ್ಟಿಯ ಮೇಲೆ ಅನ್ನ-ಸಾರು, ಸಂಜೆ ಗಿರಮಿಟ್ಟು, ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ರಾತ್ರಿ ಹತ್ತೂವರೆಗೆ ಮತ್ತೆ ಚಪಾತಿ ಮತ್ತು ಅನ್ನ, ಇವುಗಳ ನಡುವೆ ನಾಲ್ಕೈದು ಕಪ್ಪು ಚಹಾ, ಇದು ಹಾಗೆಯೇ ಉಳಿದಿರುತ್ತದೆ. ಧಾನ್ಯದ ಪಿಷ್ಟವೆಲ್ಲ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗಿಯೇ ರಕ್ತವನ್ನು ಸೇರುತ್ತದೆ. ಅದು ಪೇಢೆಯಿಂದ ಬಂತೋ ಅನ್ನದಿಂದ ಬಂತೋ ಎಂದು ರಕ್ತ ವಿಚಾರಿಸುವುದಿಲ್ಲ. ಆದ್ದರಿಂದ ಸಿಹಿ ಬಿಡುವುದು ಕೆಲಸದ ಆರಂಭ ಮಾತ್ರ. ತಟ್ಟೆಯಲ್ಲಿನ ಧಾನ್ಯದ ಅಳತೆ, ಊಟದ ವೇಳೆ ಮತ್ತು ಔಷಧದ ವೇಳೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಾಗ ಮಾತ್ರ ಸಕ್ಕರೆ ಹತೋಟಿಗೆ ಬರುತ್ತದೆ, ಮತ್ತು ಹೊಂದಿಕೊಂಡಿದೆಯೇ ಎಂಬುದನ್ನು ಅಳೆದು ನೋಡಿಯೇ ತಿಳಿಯಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯು, ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದೂ ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜಿಸಿತು. ಇವರಲ್ಲಿ ಬಹುಪಾಲು ಜನರದು ಎರಡನೆಯ ಬಗೆಯ ಕಾಯಿಲೆ, ಎಂದರೆ ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಇನ್ಸುಲಿನ್ ಎಂಬ ಹಾರ್ಮೋನು ದೇಹದಲ್ಲಿ ಇದ್ದೂ ಅದು ಸರಿಯಾಗಿ ನಾಟದಿರುವ ಸ್ಥಿತಿ. ಈ ಮಾರ್ಗದರ್ಶಿ ಮುಖ್ಯವಾಗಿ ಅವರಿಗಾಗಿದೆ. ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವ ಮೊದಲನೆಯ ಬಗೆಯವರು, ಗರ್ಭಿಣಿಯರು ಮತ್ತು ಮಕ್ಕಳು ತಜ್ಞರ ಕೈಕೆಳಗೇ ನಡೆಯಬೇಕು. ಅವರಿಗೆ ಇಲ್ಲಿನ ಗುರಿಗಳು ಹಾಗೆಯೇ ಅನ್ವಯಿಸುವುದಿಲ್ಲ.

ಮೊದಲು ರಿಪೋರ್ಟನ್ನು ಓದಿಕೊಳ್ಳಿ

ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲಿನಲ್ಲಿಡಿ. ಎಂಟು ತಾಸು ಏನೂ ತಿನ್ನದೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಸಕ್ಕರೆ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ, 100ರಿಂದ 125 ಹೊಸ್ತಿಲು, 126 ಅಥವಾ ಹೆಚ್ಚಿದ್ದರೆ ಕಾಯಿಲೆ. ರೋಗಲಕ್ಷಣಗಳಿಲ್ಲದವರಲ್ಲಿ ಒಂದೇ ಪರೀಕ್ಷೆಯನ್ನು ನಂಬಿ ತೀರ್ಮಾನಿಸದೆ ಇನ್ನೊಮ್ಮೆ ಖಚಿತಪಡಿಸಿಕೊಳ್ಳುವುದು ಕ್ರಮ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ, ಶೇ 5.7ರೊಳಗೆ ಸಹಜ, ಶೇ 6.5 ಅಥವಾ ಹೆಚ್ಚಿದ್ದರೆ ಕಾಯಿಲೆ. ಶೇ 7 ಎಂದರೆ ರಕ್ತದಲ್ಲಿ ಸರಾಸರಿ 154ರಷ್ಟು ಸಕ್ಕರೆ ಇತ್ತೆಂದು ಅರ್ಥ. ಶೇ 9 ಎಂದರೆ 212. ಪರೀಕ್ಷೆಯ ಹಿಂದಿನ ಎರಡು ದಿನ ಉಪವಾಸ ಮಾಡಿ ಖಾಲಿ ಹೊಟ್ಟೆಯ ಅಂಕಿಯನ್ನು ಚೆಂದ ಮಾಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಈ ಮೂರು ತಿಂಗಳ ಲೆಕ್ಕ ಅಂಥ ಉಪಾಯಕ್ಕೆ ಬಗ್ಗುವುದಿಲ್ಲ.

ಆದರೆ ರಕ್ತಹೀನತೆ ಇರುವವರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು. ಕಬ್ಬಿಣಾಂಶದ ಕೊರತೆಯಿದ್ದಾಗ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ಕೊಡಿಸಿದ್ದರೆ ಕಡಿಮೆ ತೋರಿಸುವುದುಂಟು. ಮನೆಯ ಗ್ಲುಕೋಮೀಟರಿನ (ಬೆರಳ ಹನಿ ರಕ್ತದಲ್ಲಿ ಸಕ್ಕರೆ ಅಳೆಯುವ ಸಣ್ಣ ಯಂತ್ರ) ಅಂಕಿಗಳಿಗೂ ಈ ಸರಾಸರಿಗೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಮೊದಲು ನೋಡಿಸಿ.

ಬಳಿಕ ವೈದ್ಯರೊಂದಿಗೆ ಕೂತು ನಿಮ್ಮ ಗುರಿಯನ್ನು ಬರೆಸಿಕೊಳ್ಳಿ. ಹೆಚ್ಚಿನ ವಯಸ್ಕರಿಗೆ ಎಚ್‌ಬಿಎ1ಸಿ ಶೇ 7ರೊಳಗೆ, ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರೊಳಗೆ ಎಂಬುದು ಸಾಮಾನ್ಯ ಗುರಿ. ಎಪ್ಪತ್ತೈದು ದಾಟಿದ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವ, ಒಬ್ಬರೇ ಇರುವ ಹಿರಿಯರಿಗೆ ಶೇ 8ರ ಆಸುಪಾಸು ಸಾಕೆಂದು ವೈದ್ಯರು ಹೇಳಿದರೆ ಅದು ಉದಾಸೀನವಲ್ಲ. ಆ ವಯಸ್ಸಿನಲ್ಲಿ ಸಕ್ಕರೆ ತೀರ ಇಳಿದು ಬಚ್ಚಲಲ್ಲಿ ಬೀಳುವುದು ಹೆಚ್ಚಿನ ಅಪಾಯ.

ಗ್ಲುಕೋಮೀಟರಿನಿಂದ ಜೋಡಿ ಪರೀಕ್ಷೆ

ಮನೆಯಲ್ಲಿ ಒಂದು ಗ್ಲುಕೋಮೀಟರ್ ಇರಲೇಬೇಕು. ಯಂತ್ರಕ್ಕಿಂತ ಅದಕ್ಕೆ ಪ್ರತಿ ಸಲ ಹಾಕುವ ಪರೀಕ್ಷಾ ಪಟ್ಟಿಯ, ಎಂದರೆ ಸ್ಟ್ರಿಪ್ಪಿನ ಖರ್ಚೇ ದೊಡ್ಡದಾದ್ದರಿಂದ, ಕೊಳ್ಳುವ ಮುಂಚೆ ನಿಮ್ಮ ಊರಿನ ಔಷಧ ಅಂಗಡಿಯಲ್ಲಿ ಯಾವುದರ ಸ್ಟ್ರಿಪ್ ಸದಾ ಸಿಗುತ್ತದೆಂದು ವಿಚಾರಿಸಿಕೊಳ್ಳಿ. ಮನೆಯ ಯಂತ್ರಕ್ಕೂ ಲ್ಯಾಬಿನ ಅಂಕಿಗೂ ಶೇ 15ರವರೆಗಿನ ವ್ಯತ್ಯಾಸ ಒಪ್ಪತಕ್ಕದ್ದೇ. 148 ಬಂದಿತೇ 156 ಬಂದಿತೇ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಪರೀಕ್ಷೆಗೆ ಮುಂಚೆ ಕೈಯನ್ನು ಸಬ್ಬಿನಿಂದ ತೊಳೆದು ಪೂರ್ತಿ ಒರೆಸಿಕೊಳ್ಳಿ. ಧಾರವಾಡದ ಆಪೂಸು ಹಣ್ಣು ಹೆಚ್ಚಿದ ಬೆರಳನ್ನು ಬರಿ ಪಂಚೆಗೆ ಒರೆಸಿಕೊಂಡು ಚುಚ್ಚಿದರೆ, ಬೆರಳ ಮೇಲಿನ ರಸವೇ ಹನಿಯಲ್ಲಿ ಬೆರೆತು ಅಂಕಿ ಇನ್ನೂರು ದಾಟಿಬಿಡಬಹುದು. ಬೆರಳ ತುದಿಯ ನಡುವಿಗಿಂತ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಕೈ ಇಳಿಬಿಟ್ಟು ಬುಡದಿಂದ ಮೆಲ್ಲಗೆ ನೀವಿದರೆ ಹನಿ ತಾನಾಗಿ ಮೂಡುತ್ತದೆ, ತುದಿಯನ್ನೇ ಹಿಂಡಬಾರದು. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳವನ್ನು ತೆಗೆದ ಕೂಡಲೇ ಹಾಕಿ, ಏಕೆಂದರೆ ಮಳೆಗಾಲದ ಥಂಡಿ ಹವೆ ಸ್ಟ್ರಿಪ್ಪನ್ನು ಕೆಡಿಸುತ್ತದೆ. ಒಬ್ಬರ ಸೂಜಿಯನ್ನು ಇನ್ನೊಬ್ಬರಿಗೆ, ಗಂಡ-ಹೆಂಡತಿಯ ನಡುವೆಯಾದರೂ ಸರಿ, ಬಳಸಬೇಡಿ.

ಇನ್ನು ಯಾವಾಗ ಅಳೆಯಬೇಕು ಎಂಬುದು. ದಿನವೂ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯ ಅಂಕಿಯೊಂದನ್ನೇ ಬರೆಯುತ್ತ ಹೋಗುವುದರಿಂದ ಯಾವ ಊಟ ತೊಂದರೆ ಕೊಡುತ್ತಿದೆಯೆಂದು ಗೊತ್ತಾಗುವುದಿಲ್ಲ. ಅದಕ್ಕಿಂತ ಜೋಡಿ ಪರೀಕ್ಷೆ ಉಪಯುಕ್ತ: ಊಟಕ್ಕೆ ಕೂಡುವ ಮುಂಚೆ ಒಂದು, ಮೊದಲ ತುತ್ತಿನಿಂದ ಸರಿಯಾಗಿ ಎರಡು ತಾಸಿಗೆ ಇನ್ನೊಂದು. ಸೋಮವಾರ ನಾಷ್ಟಾ, ಬುಧವಾರ ಮಧ್ಯಾಹ್ನದ ಊಟ, ಶುಕ್ರವಾರ ರಾತ್ರಿಯೂಟ ಎಂದು ಹಂಚಿಕೊಂಡರೆ ವಾರಕ್ಕೆ ಆರು ಸ್ಟ್ರಿಪ್ ಸಾಕು. ಎರಡು ಅಂಕಿಗಳ ಪಕ್ಕದಲ್ಲಿ ತಿಂದದ್ದನ್ನು ಎಣಿಕೆಯೊಂದಿಗೆ ಬರೆಯಿರಿ: “ಎರಡು ರೊಟ್ಟಿ, ಒಂದು ಸೌಟು ಅನ್ನ, ಮಡಕಿಕಾಳು ಪಲ್ಯ, 122, 171.” ಏರಿಕೆ 50ರೊಳಗಿದ್ದರೆ ಆ ಊಟ ನಿಮಗೆ ಒಗ್ಗಿದೆಯೆಂದೂ, 80-100 ಏರಿದ್ದರೆ ಅಳತೆ ಇಳಿಸಬೇಕೆಂದೂ ತಿಳಿಯಿರಿ. ಇದು ಪುಸ್ತಕದ ಗಡಿಯಲ್ಲ, ಮನೆಯಲ್ಲಿ ಒಂದು ಊಟವನ್ನು ಇನ್ನೊಂದರೊಂದಿಗೆ ಹೋಲಿಸಲು ಅನುಕೂಲವಾದ ಅಳತೆಗೋಲು. ಮೊದಲ ಒಂದು ತಿಂಗಳು ಏನನ್ನೂ ಬದಲಿಸದೆ ಎಂದಿನಂತೆ ಉಂಡು ಹೀಗೆ ಬರೆದಿಡುವುದು ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಈ ಲೆಕ್ಕ ಸಾಲದು, ಅವರು ವೈದ್ಯರು ಹೇಳಿದಷ್ಟು ಸಲ ದಿನವೂ ಅಳೆಯಬೇಕು.

ತಟ್ಟೆಯನ್ನು ಬದಲಿಸುವುದು

ಜೋಳದ ರೊಟ್ಟಿ ಶುಗರಿಗೆ ಒಳ್ಳೆಯದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿದೆ. ಅದರಲ್ಲಿ ಅರ್ಧ ನಿಜವಿದೆ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ನಾರು ಹೆಚ್ಚು, ಅಗಿದು ತಿನ್ನಬೇಕಾದ್ದರಿಂದ ಊಟ ನಿಧಾನವಾಗುತ್ತದೆ, ಜೊತೆಗೆ ಪಲ್ಯ-ಕಾಳು ಇದ್ದೇ ಇರುತ್ತದೆ. ಆದರೆ ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ ಇದ್ದೇ ಇದೆ. ಒಂದು ರೊಟ್ಟಿಗೆ ಮನೆಯಲ್ಲಿ ಎಷ್ಟು ಹಿಟ್ಟು ಹಿಡಿಯುತ್ತದೆಂದು ಒಮ್ಮೆ ತಕ್ಕಡಿಯಲ್ಲಿಟ್ಟು ನೋಡಿ. 50 ಗ್ರಾಂ ಬಂದರೆ ಒಂದೊಂದು ರೊಟ್ಟಿಯಿಂದ 35 ಗ್ರಾಂ, ಮೂರರಿಂದ 105 ಗ್ರಾಂ. ಅದರ ಮೇಲೆ ಒಂದು ಬಟ್ಟಲು, ಎಂದರೆ 150 ಗ್ರಾಂ ಅನ್ನ ಉಂಡರೆ ಇನ್ನೂ 40 ಗ್ರಾಂ ಸೇರಿತು. ಕಡಕ ರೊಟ್ಟಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಒಣಗಿದಾಗ ಹೋಗುವುದು ನೀರು ಮಾತ್ರ, ಹಿಟ್ಟು ಇದ್ದಷ್ಟೇ ಇರುತ್ತದೆ. ಕೈಗೆ ಹಗುರ, ಬಾಯಿಗೆ ಕುರುಕು ಎಂದು ಮಾತಾಡುತ್ತ ಮುರಿದು ತಿನ್ನುವಾಗ ನಾಲ್ಕು ಮುಗಿದದ್ದೇ ತಿಳಿಯುವುದಿಲ್ಲ. ನವಣಿ, ಸಾವಿ ಅಕ್ಕಿಗಳಿಗೂ ಇದೇ ಮಾತು: ಅವು ಅಕ್ಕಿಯ ಜಾಗದಲ್ಲಿ ಅಳತೆಯಿಂದ ಬಂದರೆ ಲಾಭ, ಶುಗರಿನವರು ಎಷ್ಟಾದರೂ ಉಣ್ಣಬಹುದೆಂದು ಬಂದರೆ ನಷ್ಟ.

ಹಾಗಾದರೆ ಮಾಡಬೇಕಾದದ್ದೇನು? ಒಂದೇ ಊಟದಲ್ಲಿ ರೊಟ್ಟಿ ಮತ್ತು ಅನ್ನ ಎರಡನ್ನೂ ಪೂರ್ತಿ ಉಣ್ಣುವ ರೂಢಿಯನ್ನು ಮೊದಲು ಮುರಿಯಿರಿ. ಹೆಚ್ಚು ಮೈ ದಣಿಸದವರಿಗೆ ಎರಡು ರೊಟ್ಟಿ, ಅಥವಾ ಒಂದು ರೊಟ್ಟಿ ಮತ್ತು ಅರ್ಧ ಬಟ್ಟಲು ಅನ್ನ, ಎಂಬಲ್ಲಿಂದ ಆರಂಭಿಸಿ ಜೋಡಿ ಪರೀಕ್ಷೆ ಹೇಳಿದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಹೀಗೆ ಒಮ್ಮೆಲೆ ಇಳಿಸುವವರು ಸಕ್ಕರೆ ಇಳಿಸುವ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿಯೇ ಇಳಿಸಬೇಕು, ಇಲ್ಲವಾದರೆ ಹಳೆಯ ಪ್ರಮಾಣದ ಔಷಧ ಹೊಸ ಪ್ರಮಾಣದ ಊಟಕ್ಕೆ ಹೆಚ್ಚಾಗುತ್ತದೆ.

ಖಾಲಿಯಾದ ಜಾಗವನ್ನು ತುಂಬುವುದಕ್ಕೆ ಉತ್ತರ ಕರ್ನಾಟಕದ ಅಡುಗೆಮನೆಗೆ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಹಸಿ ಮೆಂತ್ಯೆ ಪಲ್ಯ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ, ಮೂಲಂಗಿ, ಗಜ್ಜರಿಗಳನ್ನು ಹಸಿಯಾಗಿಯೇ ರೊಟ್ಟಿಯ ಪಕ್ಕ ಇಟ್ಟುಕೊಂಡು ಉಣ್ಣುವ ನಮ್ಮ ಪದ್ಧತಿ ದೊಡ್ಡ ಅನುಕೂಲ. ಮೊದಲು ಈ ಹಸಿ ತಪ್ಪಲು ಮತ್ತು ಕಾಳಿನ ಪಲ್ಯವನ್ನು ಅರ್ಧದಷ್ಟು ತಿಂದು, ಆಮೇಲೆ ರೊಟ್ಟಿ ಮುರಿದರೆ ಊಟದ ನಂತರದ ಏರಿಕೆ ತಗ್ಗುತ್ತದೆ. ಇದನ್ನು ಅಧ್ಯಯನಗಳೂ ತೋರಿಸಿವೆ, ನಿಮ್ಮ ಮೀಟರೂ ತೋರಿಸುತ್ತದೆ. ಮೊಳಕೆ ಮಡಕಿಕಾಳು, ಹೆಸರುಕಾಳು, ಅಲಸಂದಿ, ಝುಣಕ, ಸಕ್ಕರೆಯಿಲ್ಲದ ಮೊಸರು, ತಿನ್ನುವವರಿಗೆ ತತ್ತಿ ಮತ್ತು ಮೀನು, ಇವುಗಳಲ್ಲೊಂದು ಪ್ರತಿ ಊಟದಲ್ಲಿ ಇರಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳು ಸಕ್ಕರೆಯನ್ನು ಏರಿಸುವುದಿಲ್ಲವಾದರೂ ಎಣ್ಣೆ ಬೆರೆಸಿ ಬಟ್ಟಲುಗಟ್ಟಲೆ ತಿಂದರೆ ತೂಕ ಏರಿಸುತ್ತವೆ, ಎರಡು ಚಮಚೆ ಸಾಕು. ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಗೂ ಅದೇ ಲೆಕ್ಕ.

ನಾಷ್ಟಾದ ಹೊತ್ತಿನಲ್ಲಿ ಬಹಳ ಜನರ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅದೇ ಹೊತ್ತಿಗೆ ನಾವು ಅವಲಕ್ಕಿ, ಉಪ್ಪಿಟ್ಟು, ಸುಸಲಾ, ಇಡ್ಲಿಗಳನ್ನು ಬೇರೇನೂ ಇಲ್ಲದೆ ತಿನ್ನುತ್ತೇವೆ. ತಂಗಳ ರೊಟ್ಟಿ ಒಂದು, ಅದಕ್ಕೆ ಗಟ್ಟಿ ಮೊಸರು ಮತ್ತು ಹಸಿ ಉಳ್ಳಾಗಡ್ಡಿ, ಅಥವಾ ಹೆಸರುಬೇಳೆಯ ದೋಸೆ ಎರಡು ತಿಂದು ನೋಡಿ, ಅಂಕಿಯ ವ್ಯತ್ಯಾಸ ಮೊದಲ ವಾರದಲ್ಲೇ ಕಾಣುತ್ತದೆ. ಸಂಜೆಯ ಗಿರಮಿಟ್ಟು ಮತ್ತು ಮಿರ್ಚಿಯ ಬಗ್ಗೆ ನಾನು ಕಠಿಣವಾಗಿಯೇ ಹೇಳಬೇಕಾಗಿದೆ: ಚುರುಮುರಿ ಎಂದರೆ ಉಬ್ಬಿಸಿದ ಅಕ್ಕಿ, ಅದು ಹೊಟ್ಟೆಗೆ ಹೋದಷ್ಟೇ ವೇಗವಾಗಿ ರಕ್ತಕ್ಕೂ ಹೋಗುತ್ತದೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ ತಿಂದರೆ ತಿನ್ನಿ, ದಿನದ ರೂಢಿಯಾಗುವುದು ಬೇಡ. ಹುರಿದ ಶೇಂಗಾ ಒಂದು ಹಿಡಿ, ಪುಟಾಣಿ, ಅಥವಾ ಗಟ್ಟಿ ಪೇರಲ ಹಣ್ಣು ಅದರ ಜಾಗಕ್ಕೆ ಬರಲಿ.

ಚಹಾದ ಲೆಕ್ಕ ಸರಳ. ಕಪ್ಪಿಗೆ ಎರಡು ಚಮಚೆ ಸಕ್ಕರೆ ಎಂದರೆ 10 ಗ್ರಾಂ, ನಾಲ್ಕು ಕಪ್ಪಿಗೆ 40 ಗ್ರಾಂ, ಅದೂ ಖಾಲಿ ಹೊಟ್ಟೆಗೆ. ಬೆಲ್ಲದ ಚಹಾ ಕುಡಿದರೆ ನಡೆಯುತ್ತದೆಂದು ಹೇಳುವ ಬಂಧುಗಳು ಪ್ರತಿ ಮನೆಯಲ್ಲೂ ಇದ್ದಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ ಅಷ್ಟೆ.

ಹಬ್ಬ, ಮದುವೆ, ಜಾತ್ರೆಗಳಲ್ಲಿ ಪೂರ್ತಿ ಬಿಡುತ್ತೇನೆಂಬ ಹಟ ಹೆಚ್ಚು ದಿನ ನಿಲ್ಲುವುದಿಲ್ಲ. ಪಂಚಮಿಯ ಉಂಡಿಯನ್ನೋ ಮಠದ ದಾಸೋಹದ ಹುಗ್ಗಿಯನ್ನೋ ಬೇಡವೆನ್ನುವುದು ನಮ್ಮ ಕಡೆ ಸಣ್ಣ ಮಾತೂ ಅಲ್ಲ. ಸಿಹಿಯನ್ನು ಧಾನ್ಯದ ಮೇಲೆ ಉಣ್ಣದೆ ಧಾನ್ಯದ ಜಾಗದಲ್ಲಿ ಉಣ್ಣುವುದು ಕೆಲಸಕ್ಕೆ ಬರುವ ಉಪಾಯ. ಆ ದಿನ ಒಂದು ಹೋಳಿಗೆ ತಿಂದರೆ ಚಪಾತಿ ಮತ್ತು ಅನ್ನ ಎರಡೂ ಬೇಡ. ಕೋಸಂಬರಿ, ಪಲ್ಯ, ಕಟ್ಟಿನ ಸಾರು ಉಂಡು, ಎದ್ದ ಕೂಡಲೇ ಕಾಲು ತಾಸು ನಡೆಯಿರಿ.

ಊಟದ ವೇಳೆ, ಅಡುಗೆ ಮಾಡುವವರ ವೇಳೆ

ಊಟದ ವೇಳೆಯ ಮಾತು ಬಂದಾಗ ಮನೆಯ ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಶುಗರ್ ಇರುವ ಅತ್ತೆಯೋ ಸೊಸೆಯೋ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ, ಎಲ್ಲರ ನಾಷ್ಟಾ, ಡಬ್ಬಿ, ರೊಟ್ಟಿ ಮುಗಿಸಿ, ಗಂಡಸರದ್ದೂ ಮಕ್ಕಳದ್ದೂ ಊಟವಾದ ಮೇಲೆ ಮೂರು ಗಂಟೆಗೆ ತಾನು ಕೂಡುತ್ತಾಳೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ತೆಗೆದುಕೊಂಡವರಿಗೆ ಇದು ಅಪಾಯ, ಏಕೆಂದರೆ ಅವು ಊಟ ಬರಲಿ ಬಾರದಿರಲಿ ಇನ್ಸುಲಿನ್ನನ್ನು ಹೊರಡಿಸುತ್ತಲೇ ಇರುತ್ತವೆ. ಹನ್ನೆರಡರ ಹೊತ್ತಿಗೆ ಒಲೆಯ ಮುಂದೆ ಕೈ ನಡುಗಿ ಬೆವರು ಬಂದರೆ ಅದನ್ನು ಬೇಸಿಗೆಯ ಸೆಖೆಯೆಂದೂ ದಣಿವೆಂದೂ ಮರೆತುಬಿಡುತ್ತಾರೆ. ಆಮೇಲೆ ಉಳಿದ ರೊಟ್ಟಿ, ಉಳಿದ ಅನ್ನ ಕೆಡಿಸಬಾರದೆಂದು ಒಮ್ಮೆಲೆ ಉಂಡು ಸಕ್ಕರೆ 250ಕ್ಕೆ ಜಿಗಿಯುತ್ತದೆ. ಇಂಥ ಮನೆಯಲ್ಲಿ ಪಥ್ಯದ ಪಟ್ಟಿಗಿಂತ ಮುಂಚೆ ಆಗಬೇಕಾದ ಕೆಲಸವೆಂದರೆ ಆಕೆ ಒಂದು ಗಂಟೆಯೊಳಗೆ ಉಳಿದವರ ಜೊತೆಗೇ ಊಟಕ್ಕೆ ಕೂಡುವುದು. ಮನೆಮಂದಿಯೆಲ್ಲ ಅದೇ ಅಡುಗೆ ಉಂಡರೆ ಇನ್ನೂ ಒಳ್ಳೆಯದು, ತಂದೆ-ತಾಯಿಗೆ ಈ ಕಾಯಿಲೆಯಿದ್ದರೆ ಮಕ್ಕಳೂ ಅದರ ಹಾದಿಯಲ್ಲಿರುವ ಸಂಭವ ಹೆಚ್ಚು.

ನಡಿಗೆ

ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯಲ್ಲೋ ಧಾರವಾಡದ ಕೆ.ಸಿ. ಪಾರ್ಕಿನಲ್ಲೋ ಗದಗದ ಭೀಷ್ಮ ಕೆರೆಯ ಸುತ್ತಲೋ ಹಾವೇರಿಯ ಹೆಗ್ಗೇರಿಯ ಬಳಿಯೋ ಬಿರುಸಾಗಿ ನಡೆಯುವುದು ಒಳ್ಳೆಯದೇ; ವಾರಕ್ಕೆ 150 ನಿಮಿಷ ಎಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. ಆದರೆ ಊಟವಾದ ಮೇಲೆ ಏರುವ ಸಕ್ಕರೆಯನ್ನು ಹಿಡಿಯಲು ಪ್ರತಿ ಊಟದ ನಂತರದ ಹತ್ತು-ಹದಿನೈದು ನಿಮಿಷದ ನಡಿಗೆ ಹೆಚ್ಚು ಪರಿಣಾಮಕಾರಿ. ರಾತ್ರಿ ತಡವಾಗಿ ಉಣ್ಣುವುದು ಅನಿವಾರ್ಯವಾದ ವ್ಯಾಪಾರಸ್ಥರು ಸಂಜೆ ಏಳಕ್ಕೇ ಅಂಗಡಿಯಲ್ಲಿ ಡಬ್ಬಿ ಬಿಚ್ಚಿ, ರಾತ್ರಿ ಮನೆಗೆ ಬಂದು ಮಜ್ಜಿಗೆ ಮಾತ್ರ ಕುಡಿಯುವ ಏರ್ಪಾಡು ಮಾಡಿಕೊಂಡರೆ ಬೆಳಗಿನ ಅಂಕಿಯೂ ಇಳಿಯುತ್ತದೆ. ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರ ಬೀಳುವ ಕೆಲಸ ಬೇಕು. ಮೊಣಕಾಲು ನೋವಿರುವವರು ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡುವುದರಿಂದ ಆರಂಭಿಸಬಹುದು. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ಇಳಿಸಬೇಕು. ಹೊಸದಾಗಿ ಕಾಯಿಲೆ ಬಂದವರು ಹತ್ತು-ಹದಿನೈದು ಕಿಲೋ ಇಳಿಸಿದರೆ ಮಾತ್ರೆಯ ಅಗತ್ಯವೇ ಇಲ್ಲದ ಸ್ಥಿತಿಗೆ ಮರಳುವುದು ಕೆಲವರಲ್ಲಿ ಸಾಧ್ಯವಾಗಿದೆ, ಆಗಲೂ ತಪಾಸಣೆ ನಿಲ್ಲುವಂತಿಲ್ಲ.

ಮಾತ್ರೆ ಮತ್ತು ಇನ್ಸುಲಿನ್

ಮೆಟ್‌ಫಾರ್ಮಿನ್ ಅನ್ನು ಊಟದ ಜೊತೆಗೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ವರ್ಷಗಟ್ಟಲೆ ತೆಗೆದುಕೊಳ್ಳುವವರು ಬಿ12 ಜೀವಸತ್ವವನ್ನು ಪರೀಕ್ಷಿಸಿಕೊಳ್ಳಬೇಕು, ಅದರ ಕೊರತೆಯಿಂದಲೂ ಕಾಲು ಜೋಮು ಹಿಡಿಯುತ್ತದೆ. ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಗುಪ್ತಾಂಗದ ಸ್ವಚ್ಛತೆ ಮತ್ತು ಸಾಕಷ್ಟು ನೀರು ಮುಖ್ಯ. ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿ ಬಂತೆಂದು ಮಾತ್ರೆ ಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಅಂಕಿ ಚೆನ್ನಾಗಿರುವುದು ಆ ಮಾತ್ರೆಯಿಂದಲೇ. ಹಾಗಲಕಾಯಿ, ಮೆಂತ್ಯೆಗಳನ್ನು ಊಟದಲ್ಲಿ ಬಳಸಿ, ಆದರೆ ಶುಗರ್ ಬೇರುಸಹಿತ ಹೋಗುತ್ತದೆಂದು ಮಾರುವ ಹೆಸರಿಲ್ಲದ ಪುಡಿಗಳಿಂದ ದೂರವಿರಿ. ಅಂಥ ಪುಡಿಗಳಲ್ಲಿ ಸಕ್ಕರೆ ಇಳಿಸುವ ಆಧುನಿಕ ಮಾತ್ರೆಯನ್ನೇ ಕದ್ದು ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ.

ಇನ್ಸುಲಿನ್ ಎಂದರೆ ಕೊನೆಯ ಹಂತವೆಂಬ ಭಯ ಬೇಡ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸುವವರೆಗೆ ಮೊದಲನೆಯ ಬಗೆಯ ಮಕ್ಕಳು ಬದುಕುತ್ತಲೇ ಇರಲಿಲ್ಲ. ಎಚ್ಚರ ಬೇಕಾಗಿರುವುದು ಸಿರಿಂಜಿನ ವಿಷಯದಲ್ಲಿ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗಳೂ 100 ಯೂನಿಟ್ ಇರುವವೂ ಎರಡೂ ಸಿಗುತ್ತವೆ. 40ರ ಸೀಸೆಗೆ ಕೆಂಪು ಟೋಪಿಯ ಸಿರಿಂಜು, 100ರದಕ್ಕೆ ಕಿತ್ತಳೆ ಟೋಪಿಯದು. 100ರ ಸೀಸೆಯಿಂದ ಕೆಂಪು ಟೋಪಿಯ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ, ಅದು ಪ್ರಾಣಕ್ಕೇ ಎರವಾಗಬಹುದು. ಅಂಗಡಿಯವರು ಬೇರೆ ಸಿರಿಂಜು ಕೊಟ್ಟರೆ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಅಲ್ಲೇ ನಿಂತು ತಾಳೆ ನೋಡಿ. ಒಂದೇ ಜಾಗದಲ್ಲಿ ದಿನವೂ ಚುಚ್ಚಿದರೆ ಚರ್ಮದ ಕೆಳಗೆ ಗಂಟು ಕಟ್ಟಿ ಔಷಧ ಸರಿಯಾಗಿ ಹೀರುವುದಿಲ್ಲ. ಪ್ರತಿ ಸಲ ಎರಡು ಬೆರಳಷ್ಟು ಜಾಗ ಬದಲಿಸಿ.

ತೆರೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಹಿಮಗಟ್ಟುವ ಖಾನೆಯಲ್ಲಿ ಎಂದಿಗೂ ಬೇಡ. ತೆರೆದದ್ದನ್ನು ಸಾಮಾನ್ಯವಾಗಿ ನಾಲ್ಕು ವಾರ ತಂಪಾದ ಕೋಣೆಯಲ್ಲಿ ಇಡಬಹುದು, ಆದರೆ ಗದಗದ ಏಪ್ರಿಲ್ ತಿಂಗಳ ಕೋಣೆ ತಂಪಾದ ಕೋಣೆಯಲ್ಲ. ಫ್ರಿಜ್ಜಿಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಹಸಿ ಉಸುಕು ತುಂಬಿ ನಡುವೆ ಸಣ್ಣ ಗಡಿಗೆಯಿಟ್ಟು, ಅದರಲ್ಲಿ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ. ಸ್ಕೂಟರಿನ ಡಿಕ್ಕಿಯಲ್ಲಿ, ಬಸ್ಸಿನ ಬಿಸಿಲು ಕಿಟಕಿಯ ಪಕ್ಕ ಇಟ್ಟ ಇನ್ಸುಲಿನ್ ನೋಡಲು ಹಾಗೇ ಇದ್ದರೂ ಕಸುವು ಕಳೆದುಕೊಂಡಿರುತ್ತದೆ.

ಸಕ್ಕರೆ ತೀರ ಇಳಿದಾಗ

70ರ ಕೆಳಗಿಳಿದರೆ ನಡುಕ, ಬೆವರು, ಎದೆಬಡಿತ, ಹಸಿವು, ಸಿಡುಕು, ತೊದಲು ಮಾತು ಕಾಣಿಸಿಕೊಳ್ಳುತ್ತವೆ. ಕೂಡಲೇ ಮೂರು ಚಮಚೆ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕರಗಿಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಅಳೆಯಿರಿ, ಏರದಿದ್ದರೆ ಮತ್ತೊಮ್ಮೆ. ಏರಿದ ಮೇಲೆ ಊಟ ಮಾಡಿ. ಪೇಢೆ, ಚಾಕೊಲೇಟು ಈ ಹೊತ್ತಿಗೆ ಸಲ್ಲವು, ಅವುಗಳ ಜಿಡ್ಡು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಹೊಟ್ಟೆಯಲ್ಲಿ ಪಿಷ್ಟ-ಸಕ್ಕರೆ ಒಡೆಯುವುದನ್ನು ನಿಧಾನಿಸುವ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಬೆರೆತ ಮಾತ್ರೆ ತೆಗೆದುಕೊಳ್ಳುವವರಿಗೆ ಸಾದಾ ಸಕ್ಕರೆ ಬೇಗ ಕೆಲಸ ಮಾಡದು, ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಗ್ಲಿಮೆಪಿರೈಡ್ ಬಗೆಯ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಏರಿ ಮತ್ತೆ ಇಳಿಯುವುದರಿಂದ, ಅಂಥವರು ಎದ್ದು ಕುಳಿತರೆಂದು ಮನೆಗೆ ಕರೆತರುವ ಅವಸರ ಬೇಡ.

ಉಪವಾಸ ಮತ್ತು ಜ್ವರದ ದಿನಗಳು

ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿಗಳ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಮಾಡುವುದುಂಟು. ಸಾಬೂದಾಣಿ ಹೆಚ್ಚುಕಡಿಮೆ ಬರಿಯ ಪಿಷ್ಟ. ಹಗಲೆಲ್ಲ ಖಾಲಿ ಹೊಟ್ಟೆಯಲ್ಲಿದ್ದು ಸಂಜೆ ಅದನ್ನು ಉಂಡರೆ ಸಕ್ಕರೆ ಇಳಿದು ಏರುವ ಆಟವಾಗುತ್ತದೆ. ಶೇಂಗಾ, ಮೊಸರು, ಹಣ್ಣನ್ನು ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳುವ ಉಪವಾಸ ವಾಸಿ. ರೋಜಾ ಹಿಡಿಯುವವರು ರಂಜಾನ್‌ಗೆ ಎರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು ಔಷಧದ ವೇಳೆ ಬದಲಿಸಿಕೊಳ್ಳಬೇಕು. 70ರ ಕೆಳಗಿಳಿದರೆ ಅಥವಾ 300 ದಾಟಿದರೆ ಅಂದು ರೋಜಾ ಬಿಡಬೇಕೆಂಬುದು ತಜ್ಞರ ಸಲಹೆ.

ಜ್ವರ ಬಂದು ಊಟ ಸೇರದಿದ್ದರೂ ಸಕ್ಕರೆ ಏರಬಹುದು. ಇನ್ಸುಲಿನ್ನನ್ನು ನೀವಾಗಿಯೇ ನಿಲ್ಲಿಸದೆ ನಾಲ್ಕು ತಾಸಿಗೊಮ್ಮೆ ಅಳೆದು ವೈದ್ಯರಿಗೆ ಹೇಳಿ. ವಾಂತಿ-ಭೇದಿಯಾಗುತ್ತಿದ್ದರೆ ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳನ್ನು ಮುಂದುವರಿಸಬೇಕೇ ಎಂದು ಅದೇ ದಿನ ಕೇಳಿ, ಏಕೆಂದರೆ ಮೈಯಲ್ಲಿ ನೀರು ಬತ್ತಿದಾಗ ಅವು ಅಪಾಯ ತರುತ್ತವೆ.

ಕಾಲು, ಕಣ್ಣು, ಮೂತ್ರಪಿಂಡ

ನೋವಿಲ್ಲವೆಂಬುದೇ ಕಾಲಿನ ಅಪಾಯ. ನರಗಳ ಸ್ಪರ್ಶ ಮಂದವಾದವರು ಎರೆಹೊಲದಲ್ಲಿ ಬರಿಗಾಲಲ್ಲಿ ನಡೆದಾಗ ಮುರಿದ ಜಾಲಿ ಮುಳ್ಳು ಒಳಗೇ ಉಳಿದು ಕೀವಾದ ಮೇಲೆ, ಕಾಲುಚೀಲಕ್ಕೆ ಕಲೆ ಹತ್ತಿದಾಗ ಗೊತ್ತಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಬೊಬ್ಬೆ ಎದ್ದರೂ ಅರಿವಾಗದೆ ಮನೆಗೆ ಬರುವುದುಂಟು. ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲುಗಳನ್ನು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು, ಇಲ್ಲವೇ ಮೊಮ್ಮಕ್ಕಳ ಕಣ್ಣು ಬಳಸಬಹುದು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ, ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈ ಅದ್ದಿ ನೋಡಿ. ಮೆತ್ತನೆಯ ಎಂ.ಸಿ.ಆರ್. (ಸೂಕ್ಷ್ಮ ರಂಧ್ರಗಳ ರಬ್ಬರ್) ಅಟ್ಟೆಯ, ಹಿಂಬದಿ ಪಟ್ಟಿಯಿರುವ ಚಪ್ಪಲಿಯನ್ನು ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ ಅಳತೆ ನೋಡಿ ಕೊಳ್ಳಿ. ಸಣ್ಣ ಗಾಯವಾದರೂ ಎರಡು ದಿನದಲ್ಲಿ ಒಣಗುವ ಲಕ್ಷಣ ಕಾಣದಿದ್ದರೆ ಅರಿಶಿನ ಮೆತ್ತಿ ಕಾಯದೆ ದವಾಖಾನೆಗೆ ಹೋಗಿ.

ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಅಕ್ಷಿಪಟಲ ನೋಡಿಸಬೇಕು. ಚೆನ್ನಾಗಿ ಕಾಣುತ್ತಿದೆಯೆಂಬುದು ಕಣ್ಣು ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಮೂತ್ರಪಿಂಡದ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ರಕ್ತದ ಕೊಬ್ಬು, ಕಾಲಿನ ಸ್ಪರ್ಶ ಪರೀಕ್ಷೆ, ಹಲ್ಲು ಇವೂ ವರ್ಷಕ್ಕೊಮ್ಮೆ. ಎಚ್‌ಬಿಎ1ಸಿ ಮೂರರಿಂದ ಆರು ತಿಂಗಳಿಗೊಮ್ಮೆ. ರಕ್ತದೊತ್ತಡ ಪ್ರತಿ ಭೇಟಿಯಲ್ಲಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳು ಮೂತ್ರಪಿಂಡವನ್ನು ಹಾಳುಮಾಡುತ್ತವೆ. ತಂಬಾಕು, ಗುಟ್ಕಾ, ಬೀಡಿ ಈ ಕಾಯಿಲೆಯ ಜೊತೆಗೆ ಸೇರಿದರೆ ಹೃದಯಕ್ಕೂ ಕಾಲಿಗೂ ರಕ್ತ ಹೋಗುವ ದಾರಿ ಮುಚ್ಚುತ್ತದೆ.

ಖರ್ಚಿನ ಚಿಂತೆಯಿರುವವರು ಸರ್ಕಾರಿ ವ್ಯವಸ್ಥೆಯನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಬೇಕು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳಿವೆ, ಮೂವತ್ತು ದಾಟಿದವರಿಗೆ ತಪಾಸಣೆ ಮಾಡುವುದು ರಾಷ್ಟ್ರೀಯ ಕಾರ್ಯಕ್ರಮದ ಭಾಗ. ಕಣ್ಣು, ಕಾಲು, ಮೂತ್ರಪಿಂಡದ ತೊಡಕುಗಳಿಗೆ ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ. ಗದಗ ಮತ್ತು ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಜನೌಷಧಿ ಅಂಗಡಿಗಳಲ್ಲಿ ಅದೇ ಮಾತ್ರೆ ಕಡಿಮೆ ದರಕ್ಕೆ ಸಿಗುತ್ತದೆ, ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಬರೆಯಿಸಿಕೊಂಡು ಹೋಗಿ.

ಕೆಲವು ಲಕ್ಷಣಗಳು ಕಂಡಾಗ ಮರುದಿನದವರೆಗೆ ಕಾಯಬಾರದು: ಸಕ್ಕರೆ 300ರ ಮೇಲೆಯೇ ನಿಂತು ವಾಂತಿ, ಹೊಟ್ಟೆನೋವು ಅಥವಾ ಆಳವಾದ ಏದುಸಿರು ಇರುವುದು, ಮಂಪರು, ಬೆವರಿನೊಂದಿಗೆ ಎದೆ ಬಿಗಿತ ಅಥವಾ ಎದೆನೋವಿಲ್ಲದೆಯೇ ಒಮ್ಮೆಲೆ ಬರುವ ಉಸಿರಾಟದ ತೊಂದರೆ, ಏಕೆಂದರೆ ಶುಗರಿನವರಲ್ಲಿ ಹೃದಯಾಘಾತ ನೋವಿಲ್ಲದೆಯೂ ಆಗುತ್ತದೆ, ಬಾಯಿ ವಾಲುವುದು, ಕೈ ಸೋಲುವುದು, ಕಣ್ಣ ಮುಂದೆ ಥಟ್ಟನೆ ಕಪ್ಪು ಪರದೆ ಇಳಿದಂತಾಗುವುದು, ಕಾಲಿನ ಬೆರಳು ಕಪ್ಪಾಗುವುದು. ನಿಮ್ಮ ಕಾಯಿಲೆಯ ಹೆಸರು, ತೆಗೆದುಕೊಳ್ಳುವ ಔಷಧ ಮತ್ತು ಪ್ರಮಾಣ, ಮನೆಯವರ ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿಯೊಂದು ಕಿಸೆಯಲ್ಲೋ ಪರ್ಸಿನಲ್ಲೋ ಸದಾ ಇರಲಿ, ಔಷಧ ಬದಲಾದ ದಿನವೇ ಆ ಚೀಟಿಯನ್ನೂ ಬದಲಿಸಿ.